ಕಾಲು ಬೆಲೆಯ ಚಕ್ರ, ಪೂರ್ತಿ ಬೆಲೆಯ ಭಾವಮೈದುನ

ಮನುಷ್ಯನಿಗೆ ಶತ್ರು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅವನು ಹೆಂಡತಿಯ ತಮ್ಮನಾಗಿರಬಾರದು. ಬೇರೆ ಶತ್ರುವಾದರೆ ಗೆದ್ದ ಮೇಲೆ ತನ್ನ ಮನೆಗೆ ಹೋಗುತ್ತಾನೆ. ಹೆಂಡತಿಯ ತಮ್ಮ ಗೆದ್ದ ಮೇಲೆ ನಮ್ಮ ಮನೆಗೇ ಬರುತ್ತಾನೆ, ನಮ್ಮ ಕುರ್ಚಿಯಲ್ಲೇ ಕೂರುತ್ತಾನೆ, ನಮ್ಮ ಪಾಲಿನ ಎರಡನೇ ಲೋಟ ಕಾಫಿಯನ್ನೂ ಕುಡಿಯುತ್ತಾನೆ. (ಮೊದಲನೇ ಲೋಟ ಅವನಿಗೆಂದೇ ಮಾಡಿದ್ದು.)

ತಕ್ಕಡಿ ಸಾಹೇಬರ ಬಾಳಿನ ಗೋಳು ಇದೊಂದೇ. ಸಾಹೇಬರು ಅಂದರೆ ಭಾರಿ ಸಾಹೇಬರೇನಲ್ಲ; ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೆಟ್ಟಗಿದೆಯೇ ನೋಡುವುದು, ನೆಟ್ಟಗಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ‘ತಿರಸ್ಕೃತ’ ಎಂಬ ಕೆಂಪು ಚೀಟಿ ಕಟ್ಟಿ ಎತ್ತಿಕೊಂಡು ಬರುವುದು ಅವರ ಕೆಲಸ. ಅವರು ಮಾರುಕಟ್ಟೆಯ ಒಂದು ತುದಿಯಲ್ಲಿ ಕಾಲಿಟ್ಟರೆ ಇನ್ನೊಂದು ತುದಿಯ ಈರುಳ್ಳಿ ಅಂಗಡಿಯವನು ತಟ್ಟೆಯಡಿ ಅಂಟಿಸಿದ ಆಯಸ್ಕಾಂತವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅಂಥ ಪ್ರತಾಪ.

ಮನೆಯೊಳಗೆ ಆ ಪ್ರತಾಪ ಚಪ್ಪಲಿ ಬಿಡುವ ಜಾಗದವರೆಗೆ ಬರುತ್ತಿತ್ತು, ಅಲ್ಲಿಂದ ಮುಂದಕ್ಕಿಲ್ಲ. ಮುಂದಿನದೆಲ್ಲ ಯಜಮಾನಿಯ ಸರಹದ್ದು. ಆಕೆ ನಾಲ್ಕು ಶಾಲೆಗಳಿಗೆ ಸಮವಸ್ತ್ರ ಹೊಲಿಯುವವಳು. ಹೊಲಿಗೆ ಯಂತ್ರ ಇದ್ದದ್ದು ಊಟದ ಮೇಜಿನ ಮೇಲೆ. ಹಾಗಾಗಿ ಊಟವನ್ನು ತೊಡೆಯ ಮೇಲಿಟ್ಟುಕೊಂಡು ಮಾಡಬೇಕಿತ್ತು. ಅನ್ನದಲ್ಲಿ ಕಲ್ಲು ಸಿಗುವ ಬದಲು ಗುಂಡಿ ಸಿಗುತ್ತಿತ್ತು. ಮನೆಯಲ್ಲಿ ಒಂದು ಸಣ್ಣ ಕೋಣೆ ಇತ್ತು, ನಿಜ. ಪೂರ್ವದ ಕಿಟಕಿ, ಒಳ್ಳೆಯ ಬೆಳಕು, ಗೋಡೆಯ ತುಂಬ ಕಪಾಟು. ಅದರಲ್ಲಿ ಸಾಹೇಬರ ಸೈಕಲ್ಲು ವಾಸವಾಗಿತ್ತು.

“ಸೂಜಿಗೆ ದಾರ ಪೋಣಿಸೋಕೆ ನಾನು ದೀಪ ಹಚ್ಕೋಬೇಕು, ಸೈಕಲ್ಲಿಗೆ ಬೆಳಗಿನ ಬಿಸಿಲು,” ಎಂದು ಯಜಮಾನಿ ವಾರಕ್ಕೊಮ್ಮೆ ಹೇಳುತ್ತಿದ್ದಳು. ಸಾಹೇಬರಿಗೆ ವಾರಕ್ಕೊಮ್ಮೆ ಕಿವಿ ಕೇಳಿಸುತ್ತಿರಲಿಲ್ಲ.

ಸೈಕಲ್ಲು ಅಂದರೆ ಹಾಲು ತರುವ ಸೈಕಲ್ಲಲ್ಲ. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಬಾಗಿರುವ, ಟೈರು ಹೆಬ್ಬೆರಳಿನಷ್ಟೇ ದಪ್ಪಗಿರುವ ರೇಸಿನ ಸೈಕಲ್ಲು. ನಲವತ್ತೇಳನೇ ವಯಸ್ಸಿನಲ್ಲಿ ಹೊಟ್ಟೆ ಬೆಲ್ಟಿನ ಮೇಲೆ ಹರಿದು ಬಂದಾಗ ಸಾಹೇಬರು ಅದನ್ನು ಕೊಂಡರು. ಅದನ್ನು ನೋಡಿ ಭಾವಮೈದುನನೂ ಒಂದು ಕೊಂಡ. ಅವನು ಹಲ್ಲಿನ ಡಾಕ್ಟರು. ಊರಿನವರ ಹಲ್ಲು ಹುಳುಕಾದಷ್ಟೂ ಅವನ ಸೈಕಲ್ಲು ಹಗುರವಾಗುತ್ತ ಹೋಯಿತು. ಕೊನೆಗೆ ಅವನು ಒಂದು ಜೊತೆ ಕಾರ್ಬನ್ ಚಕ್ರ ಹಾಕಿಸಿದ. ದೊಡ್ಡ ಕಂಪನಿಯದು, ಬೆಲೆ ಕೇಳಿದವರು ಒಮ್ಮೆ ಕೂತು ಏಳಬೇಕು.

ಅಂದಿನಿಂದ ಪ್ರತಿ ಭಾನುವಾರ ನೀರಿನ ಟ್ಯಾಂಕಿನ ಗುಡ್ಡದ ಏರಿನಲ್ಲಿ ಡಾಕ್ಟರು ಸಾಹೇಬರನ್ನು ಹಿಂದೆ ಹಾಕಿ ಹೋಗುತ್ತಿದ್ದ. ಹೋಗಲಿ. ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದ. ಅದೂ ಹೋಗಲಿ. ಸಾಹೇಬರು ಏದುಸಿರು ಬಿಡುತ್ತ ತಲುಪಿದಾಗ ಕಿತ್ತಳೆಯ ಕೊನೆಯ ಎರಡು ತೊಳೆ ಮುಂದೆ ಹಿಡಿದು, “ಯಾಕೆ ಭಾವ, ಪಂಕ್ಚರ್ ಆಗಿತ್ತಾ?” ಎಂದು ನಿಜವಾದ ಕಾಳಜಿಯಿಂದ ಕೇಳುತ್ತಿದ್ದ. ಆ ಕಾಳಜಿಯೇ ಸಾಹೇಬರ ಎದೆಗೆ ಚುಚ್ಚುತ್ತಿತ್ತು. ಕುಹಕವಾಗಿದ್ದರೆ ತಿರುಗಿ ಬಯ್ಯಬಹುದಿತ್ತು.

ಹೀಗಿರುವಾಗ ಸಾಹೇಬರಿಗೆ ಒಂದು ಜ್ಞಾನೋದಯವಾಯಿತು. ಡಾಕ್ಟರ ಚಕ್ರದ ಕಾಲು ಬೆಲೆಗೆ, ಯಾರೂ ಹೆಸರು ಕೇಳದ ಕಂಪನಿಯ ಕಾರ್ಬನ್ ಚಕ್ರ ಸಿಗುತ್ತದೆ! ತರಿಸಿಯೇ ಬಿಟ್ಟರು. ಆ ತನಕ ಇದ್ದ ಅಲ್ಯೂಮಿನಿಯಂ ಚಕ್ರಗಳನ್ನು “ಬೀಸೋ ಕಲ್ಲು” ಎಂದು ಬಯ್ದು ಅಟ್ಟಕ್ಕೆ ಎಸೆದರು.

“ಕಾರ್ಬನ್ ಅಂದ್ರೆ ಇದ್ದಲು ತಾನೆ?” ಎಂದಳು ಯಜಮಾನಿ. “ಇದ್ದಲಿಗೆ ಇಷ್ಟು ದುಡ್ಡಾ?”

“ವಜ್ರನೂ ಇದ್ದಲೇ ಕಣೇ.”

“ಹಾಗಿದ್ರೆ ಅದನ್ನೇ ತರಬಹುದಿತ್ತಲ್ಲ.”

ಸಾಹೇಬರು ಮಾತು ಬದಲಿಸಿದರು. ಭಾನುವಾರ ಡಾಕ್ಟರು ಕಾಫಿಗೆ ಬಂದಾಗ, ಕಚೇರಿಯಿಂದ ತಂದ ತಕ್ಕಡಿಯಲ್ಲಿ ಎರಡೂ ಜೊತೆ ಚಕ್ರಗಳನ್ನು ಶಾಸ್ತ್ರೋಕ್ತವಾಗಿ ತೂಗಿದರು. ಡಾಕ್ಟರದು ಐವತ್ತೆರಡು ಗ್ರಾಂ ಕಡಿಮೆ ಬಂತು.

“ಐವತ್ತೆರಡು ಗ್ರಾಂ!” ಸಾಹೇಬರು ಅಡಿಗೆಮನೆಯಿಂದ ಒಂದು ನಿಂಬೆಹಣ್ಣು ತಂದು ಮೇಜಿನ ಮೇಲಿಟ್ಟರು. “ನೋಡಪ್ಪ, ಇಷ್ಟು. ನೀನು ಮುಕ್ಕಾಲು ಪಾಲು ದುಡ್ಡು ಜಾಸ್ತಿ ಕೊಟ್ಟಿರೋದು ಈ ನಿಂಬೆಹಣ್ಣಿಗೆ. ಉಳಿದದ್ದು ಸ್ಟಿಕ್ಕರಿನ ಬೆಲೆ.”

“ತೂಕ ಒಂದೇ ಅಲ್ಲ ಭಾವ. ಬೇರಿಂಗ್ ನೋಡಬೇಕು, ಕಡ್ಡಿ ನೋಡಬೇಕು, ನಾಲ್ಕು ವರ್ಷ ಆದ್ಮೇಲೆ ಹೇಗಿರುತ್ತೆ ನೋಡಬೇಕು. ಒಡೆದ್ರೆ ನಮ್ಮ ಕಂಪನಿಯವರು ಹೊಸದು ಕೊಡ್ತಾರೆ. ನಿಮ್ಮವರು ಫೋನ್ ಎತ್ತುತ್ತಾರಾ? ಕಟ್ಟಿಸಿದ ಹಲ್ಲು ನೋಡೋಕೆ ಎಲ್ಲಾ ಒಂದೇ. ಕಚ್ಚಿದಾಗ ಗೊತ್ತಾಗೋದು.”

“ಅದಕ್ಕೇ ನಿನ್ನ ಹತ್ರ ಹಲ್ಲು ಕಟ್ಟಿಸ್ಕೊಂಡವರು ಗಂಜಿ ಕುಡೀತಾರೆ.”

“ಭಾವ, ವೃತ್ತಿಗೆ ಬರಬೇಡಿ.”

“ನೀನು ಚಕ್ರಕ್ಕೆ ಬಂದ್ಯಲ್ಲ!”

ಮೇಜಿನ ಇನ್ನೊಂದು ತುದಿಯಲ್ಲಿ ಯಂತ್ರ ತುಳಿಯುತ್ತಿದ್ದ ಯಜಮಾನಿ ಕಾಲು ನಿಲ್ಲಿಸಿದಳು. ಆಕೆಯ ಯಂತ್ರ ನಿಂತರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

“ಪರೀಕ್ಷೆ ಮಾಡಿ,” ಎಂದಳು. “ಒಬ್ಬರೇ ಹತ್ತಬೇಕು, ಒಂದೇ ಸೈಕಲ್ಲು, ಒಂದೇ ಗುಡ್ಡ. ಚಕ್ರಕ್ಕೆ ನಾನು ಗವಸು ಹೊಲೀತೀನಿ, ಯಾವುದು ಯಾರದು ಅಂತ ಹತ್ತುವವರಿಗೆ ಗೊತ್ತಾಗಬಾರದು. ರೀ, ನೀವೇ ಹತ್ತಿ. ನಿಮ್ಮ ಚಕ್ರ ಅವನದಕ್ಕೆ ಸಮ ಬಂದ್ರೆ ಸಣ್ಣ ಕೋಣೆ ನಿಮ್ಮ ಸೈಕಲ್ಲಿಗೇ, ನಾನು ಇನ್ನು ಬಾಯಿ ಬಿಡಲ್ಲ. ಬರದಿದ್ರೆ ಕೋಣೆ ನನ್ನ ಯಂತ್ರಕ್ಕೆ.”

‘ಬಾಯಿ ಬಿಡಲ್ಲ’ ಎಂಬ ಮಾತು ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಮೊದಲ ಬಾರಿ ಕೇಳಿದ್ದು. ಸಾಹೇಬರು ಆ ಗಳಿಗೆಯಲ್ಲೇ ಇಲಾಖೆಯ ಕಾಗದ ತೆಗೆದು ಕರಾರು ಬರೆದರು: ‘ಚಕ್ರಗಳನ್ನು ಸಂಪೂರ್ಣವಾಗಿ ಮುಚ್ಚತಕ್ಕದ್ದು. ಹತ್ತು ಸೆಕೆಂಡಿನೊಳಗಿನ ಅಂತರವನ್ನು ಸಮವೆಂದು ಪರಿಗಣಿಸತಕ್ಕದ್ದು. ಪರೀಕ್ಷೆಯ ವಿಧಾನವು ಪರೀಕ್ಷಕರ ವಿವೇಚನೆಗೆ ಒಳಪಟ್ಟಿದ್ದು, ಅದನ್ನು ಯಾವ ಪಕ್ಷವೂ ಪ್ರಶ್ನಿಸತಕ್ಕದ್ದಲ್ಲ. ಮೋಸ ಕಂಡುಬಂದಲ್ಲಿ ಕೋಣೆಯು ತಕ್ಷಣವೇ ಎದುರು ಪಕ್ಷಕ್ಕೆ ಸೇರತಕ್ಕದ್ದು.’ ಕೊನೆಯ ಎರಡು ಸಾಲು ಇಲಾಖೆಯ ಎಲ್ಲ ನಮೂನೆಗಳಲ್ಲೂ ಇರುತ್ತವೆ. ಕೈಗೆ ಅಭ್ಯಾಸವಾದದ್ದು, ತಾನಾಗಿ ಬರೆದುಕೊಂಡು ಹೋಯಿತು. ‘ಪರೀಕ್ಷಕರು’ ಎಂಬಲ್ಲಿ ಯಜಮಾನಿ ಸಹಿ ಮಾಡಿದಳು.

ಆ ವಾರವೆಲ್ಲ ಊಟದ ಹೊತ್ತಿಗೆ ಸಾಹೇಬರು ಪರೀಕ್ಷಕಿಗೆ ಪರೀಕ್ಷೆಯ ಶಾಸ್ತ್ರ ಬೋಧಿಸಿದರು. ಹೊಸದೇನಲ್ಲ, ಮದುವೆಯಾದಂದಿನಿಂದ ಇದೇ ಬೋಧನೆ.

“ತೂಕದ ಬಟ್ಟು ಸರಿಯಿದೆಯಾ ಅಂತ ನೋಡೋದು ಆಮೇಲಿನ ಮಾತು. ಮೊದಲು ತಕ್ಕಡಿ ನೋಡಬೇಕು. ಹೇಗೆ? ಒಂದೇ ಬಟ್ಟು, ಎರಡು ಸಲ ಇಡು. ಎರಡು ಸಲವೂ ಒಂದೇ ತೋರಿಸ್ತಾ, ಅದು ತಕ್ಕಡಿ. ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ತೋರಿಸ್ತಾ, ಕೆಂಪು ಚೀಟಿ! ಅಂಗಡಿಯವನು ಎಷ್ಟೇ ಗೋಗರೆದರೂ ನಾನು ಕೇಳಲ್ಲ.”

“ಹೂಂ, ಗೊತ್ತು, ತಿನ್ನಿ. ತಟ್ಟೆಯಲ್ಲಿ ಒಂದು ಗುಂಡಿ ಇದೆ, ನೋಡ್ಕೊಳ್ಳಿ,” ಎಂದಳು ಯಜಮಾನಿ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಗವಸುಗಳು ಸಿದ್ಧವಾದವು. ಕಪ್ಪು ಬಟ್ಟೆಯ ದುಂಡನೆಯ ಗವಸು, ಚಕ್ರಕ್ಕೆ ಹಾಕಿ ಬಿಗಿದರೆ ಒಳಗಿರುವುದು ಕಬ್ಬಿಣವೋ ಕಾರ್ಬನ್ನೋ ಹೆತ್ತ ತಾಯಿಗೂ ಗೊತ್ತಾಗದು. ಒಳಗೆ ಸ್ಪಂಜಿನ ಪಟ್ಟಿ ಬೇರೆ ಕೊಟ್ಟು ಎಲ್ಲವೂ ಒಂದೇ ದಪ್ಪ ಕಾಣುವಂತೆ ಮಾಡಿದ್ದಳು. ಗಾಳಿ ತುಂಬುವ ವಾಲ್ವು ಹೊರಗೆ ಬರಲೆಂದು ಒಂದೊಂದಕ್ಕೂ ಒಂದೊಂದು ಕಾಜ ಹೊಲಿದಿದ್ದಳು.

ಸಾಹೇಬರ ಕಣ್ಣು ಬಿದ್ದದ್ದು ಆ ಕಾಜದ ಮೇಲೆ. ಗವಸಿನಿಂದ ಹೊರಗೆ ಕಾಣುವುದು ವಾಲ್ವಿನ ಪುಟ್ಟ ಟೋಪಿಯೊಂದೇ. ಯಜಮಾನಿ ಫೋನಿನಲ್ಲಿ ಶಾಲೆಯವರೊಡನೆ ಚಡ್ಡಿಯ ಅಳತೆ ಮಾತಾಡುತ್ತಿದ್ದಾಗ, ಆಕೆಯ ಉಗುರುಬಣ್ಣದ ಸೀಸೆ ತೆಗೆದು, ತಮ್ಮ ಎರಡೂ ಚಕ್ರದ ಟೋಪಿಗಳ ತುದಿಗೆ ಸಾಸಿವೆಯಷ್ಟು ಕೆಂಪು ಚುಕ್ಕೆ ಇಟ್ಟರು.

ಇದು ಮೋಸವೇ? ಸಾಹೇಬರು ತಮ್ಮನ್ನೇ ಕೇಳಿಕೊಂಡರು. ಅಲ್ಲ ಎಂದು ತಾವೇ ತೀರ್ಪು ಕೊಟ್ಟರು. ಗುರುತು ಬೇರೆ, ಮೋಸ ಬೇರೆ. ಮುದ್ರೆ ಹಾಕುವುದೇ ಅವರ ವೃತ್ತಿ. ಊರಿನ ಸಮಸ್ತ ಬಟ್ಟುಗಳಿಗೆ ಮುದ್ರೆ ಹಾಕುವವರು ತಮ್ಮ ಸ್ವಂತ ಚಕ್ರಕ್ಕೆ ಹಾಕಿಕೊಂಡರೆ ಯಾರಪ್ಪನ ಗಂಟು ಹೋಯಿತು? (ಆದರೆ ಸೀಸೆಯ ಮುಚ್ಚಳ ಸರಿಯಾಗಿ ಮುಚ್ಚಲಿಲ್ಲ. ಮನಸ್ಸು ನಿರಾಳವಾಗಿದ್ದವರು ಮುಚ್ಚಳ ಸರಿಯಾಗಿ ಮುಚ್ಚುತ್ತಾರೆ.)

ಭಾನುವಾರ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಮೂವರೂ ಸೇರಿದರು. ಸೈಕಲ್ಲೂ ಚಕ್ರಗಳೂ ಡಾಕ್ಟರ ಕಾರಿನಲ್ಲಿ ಬಂದಿದ್ದವು, ಯಜಮಾನಿ ತನ್ನ ಸ್ಕೂಟರಿನಲ್ಲಿ, ಬಟ್ಟೆ ಸುತ್ತಿದ ಒಂದು ದೊಡ್ಡ ಗಂಟಿನ ಸಮೇತ. ಏರ್ಪಾಡು ಇಷ್ಟು: ಡಾಕ್ಟರು ಸ್ಕೂಟರಿನಲ್ಲಿ ಮೇಲೆ ಹೋಗಿ ಗಡಿಯಾರ ಹಿಡಿದು ನಿಲ್ಲುವುದು, ಯಜಮಾನಿ ಕೆಳಗೆ ಚಕ್ರ ಹಾಕಿ “ಬಿಟ್ಟೆ” ಎಂದು ಫೋನಿನಲ್ಲಿ ಕೂಗುವುದು. ಹೊಲಿಗೆ ಯಂತ್ರವನ್ನು ತಾನೇ ಬಿಚ್ಚಿ ಎಣ್ಣೆ ಹಾಕುವವಳಿಗೆ ಎರಡು ಚಕ್ರ ಬದಲಿಸುವುದು ಯಾವ ಲೆಕ್ಕ.

“ಆ ಕಡೆ ತಿರುಗಿ ನೂರು ಎಣಿಸಿ. ಕಳ್ಳಗಣ್ಣು ಬೇಡ,” ಎಂದಳು.

ಸಾಹೇಬರು ವಿದ್ಯುತ್ ಕಂಬಕ್ಕೆ ಮುಖ ಮಾಡಿ ಎಣಿಸಿದರು. ಬೆನ್ನ ಹಿಂದೆ ಡಿಕ್ಕಿ ತೆಗೆದ ಸದ್ದು, ಏನೋ ಬಿಚ್ಚಿದ ಸದ್ದು, ತಿರುಪಿದ ಸದ್ದು. ತಿರುಗಿ ಬಂದು ಸೈಕಲ್ಲಿಗೆ ಕಾಲು ಹಾಕುವ ಮುನ್ನ ಬಗ್ಗಿ ಶೂ ಲೇಸು ಕಟ್ಟಿದಂತೆ ಮಾಡಿದರು. ಕಾಜದಲ್ಲಿ ಇಣುಕುತ್ತಿದ್ದ ಟೋಪಿ ಅಚ್ಚ ಕಪ್ಪು. ಚುಕ್ಕೆಯಿಲ್ಲ. ಸರಿ, ಡಾಕ್ಟರ ಚಕ್ರ!

ಆ ಸಲ ಸಾಹೇಬರು ಬೇಕೆಂದೇ ನಿಧಾನ ಹತ್ತಿದರು ಎನ್ನುವುದಕ್ಕೆ ಸಾಕ್ಷಿಯಿಲ್ಲ. ಆದರೆ ಎರಡನೇ ತಿರುವಿನಲ್ಲಿ ಅವರು ಒಂದು ಹಳದಿ ಚಿಟ್ಟೆಯನ್ನು ಕಂಡರು, ಅದರ ರೆಕ್ಕೆಯಲ್ಲಿ ಐದು ಮಚ್ಚೆಗಳಿದ್ದವು ಎಂದು ಆಮೇಲೆ ಅವರೇ ಹೇಳಿದರು. ಏರಿನಲ್ಲಿ ಜೀವ ತೇಯುವವನು ಚಿಟ್ಟೆಯ ಮಚ್ಚೆ ಎಣಿಸುವುದಿಲ್ಲ. ಮೇಲೆ ತಲುಪಿದಾಗ ಹತ್ತೊಂಬತ್ತು ನಿಮಿಷ ನಲವತ್ತು ಸೆಕೆಂಡು.

“ಏನು ಭಾವ, ಇಷ್ಟು ಹೊತ್ತು?”

“ನನ್ನನ್ನೇನು ಕೇಳ್ತೀಯ, ಚಕ್ರನ ಕೇಳು,” ಎಂದು ಸಾಹೇಬರು ಗಂಭೀರವಾಗಿ ಕೆಳಗಿಳಿದರು.

ಮತ್ತೆ ಕಂಬ, ಮತ್ತೆ ನೂರು, ಮತ್ತೆ ಶೂ ಲೇಸು. ಈ ಸಲ ಕಾಜದಿಂದ ಕೆಂಪು ಚುಕ್ಕೆ ಸಾಹೇಬರನ್ನು ನೋಡಿ ಕಣ್ಣು ಮಿಟುಕಿಸಿತು. ಎದೆಯುಬ್ಬಿತು. “ಬಿಟ್ಟೆ!” ಎಂದದ್ದೇ ತಡ, ಸಾಹೇಬರು ಬಾಲಕ್ಕೆ ಬೆಂಕಿ ಬಿದ್ದವರಂತೆ ಹೊರಟರು. ಚಿಟ್ಟೆಗಳು ಎಷ್ಟಿದ್ದವೋ ದೇವರಿಗೇ ಗೊತ್ತು. ಮೂರನೇ ತಿರುವಿನಲ್ಲಿ ತೊಡೆ ಉರಿಯಿತು, ನಾಲ್ಕನೆಯದರಲ್ಲಿ ಕಣ್ಣಿಗೆ ಕತ್ತಲೆ ಬಂತು, ಐದನೆಯದರಲ್ಲಿ ಸ್ವರ್ಗಸ್ಥರಾದ ತಂದೆಯವರು ಎದುರು ನಿಂತು “ಸಾಕು ಬಾರೋ” ಎಂದಂತಾಯಿತು. ಸಾಹೇಬರು ಅವರನ್ನೂ ಹಿಂದೆ ಹಾಕಿ ಹೋದರು.

ಹದಿನಾರು ನಿಮಿಷ ಐದು ಸೆಕೆಂಡು! ಆ ಗುಡ್ಡವನ್ನು ಅವರು ಜನ್ಮದಲ್ಲಿ ಅಷ್ಟು ಬೇಗ ಹತ್ತಿರಲಿಲ್ಲ. ಡಾಕ್ಟರು ಗಡಿಯಾರವನ್ನು ಕಿವಿಗೆ ಹಿಡಿದು ಅಲುಗಾಡಿಸಿ ನೋಡಿದ. ಮುಖ ಸಪ್ಪಗಾಗಿತ್ತು. ಕಿತ್ತಳೆ ಇನ್ನೂ ಜೇಬಿನಲ್ಲೇ ಇತ್ತು.

ಸಾಹೇಬರಿಗೆ ಐದು ನಿಮಿಷ ಮಾತು ಹೊರಡಲಿಲ್ಲ. ಹೊರಟ ಮೇಲೆ ನಿಲ್ಲಲೂ ಇಲ್ಲ. ಕೆಳಗೆ ಕಾರಿನ ಬಳಿ ಬಂದು, ಒಂದು ಕೈ ಸೊಂಟದ ಮೇಲಿಟ್ಟು ವರದಿ ಕೊಟ್ಟರು.

“ಮೊದಲನೇ ಚಕ್ರ, ಯಾರದೋ ನನಗೆ ಗೊತ್ತಿಲ್ಲಪ್ಪ, ಗವಸು ಹಾಕಿದೆಯಲ್ಲ. ಭಾರ. ಎಮ್ಮೆ ಎಳೆದಂಗೆ. ತಿರುವಿನಲ್ಲಿ ಒಂಥರಾ ಓಲಾಡುತ್ತೆ. ಒಳಗೆ ಬೇರಿಂಗ್ ತೊಂದರೆ ಇರಬೇಕು, ದುಡ್ಡು ಕೊಟ್ಟವರು ಯಾರೋ ಪಾಪ. ಎರಡನೇದು, ಆಹಾ! ಅದು ಚಕ್ರ. ತುಳಿಯೋದೇ ಬೇಡ, ಅದೇ ಕರ್ಕೊಂಡು ಹೋಗುತ್ತೆ. ಇಂಥ ಚಕ್ರ ಕಡಿಮೆ ಬೆಲೆಗೆ ಸಿಕ್ಕಿದ್ರೆ, ಸಿಕ್ಕಿದ್ರೆ ಅಂತ ಹೇಳ್ತಿದ್ದೀನಿ, ಜಾಸ್ತಿ ಬೆಲೆ ಕೊಡೋನು ಮೂರ್ಖ.”

“ಅಕ್ಕ, ಗವಸು ಬಿಚ್ಚು,” ಎಂದ ಡಾಕ್ಟರು, ಕ್ಷೀಣವಾಗಿ.

“ಮೊದಲು ನೀನು ಡಿಕ್ಕಿ ತೆಗಿ,” ಎಂದಳು ಅಕ್ಕ.

ಡಾಕ್ಟರು ಡಿಕ್ಕಿ ತೆಗೆದ. ಒಳಗೆ ಅವನ ಎರಡು ಚಕ್ರಗಳು ಮಲಗಿದ್ದವು, ದೊಡ್ಡ ಕಂಪನಿಯ ಹೆಸರಿನ ಸಮೇತ. ಅವುಗಳ ಪಕ್ಕದಲ್ಲಿ ಸಾಹೇಬರ ಕಾಲು ಬೆಲೆಯ ಎರಡು ಚಕ್ರಗಳೂ ಮಲಗಿದ್ದವು. ಅವುಗಳ ವಾಲ್ವಿಗೆ ಟೋಪಿ ಇರಲಿಲ್ಲ.

ಸಾಹೇಬರು ನಾಲ್ಕನ್ನೂ ಎಣಿಸಿದರು. ಅಭ್ಯಾಸಬಲದಿಂದ ಎರಡು ಸಲ ಎಣಿಸಿದರು. ಎರಡು ಸಲವೂ ನಾಲ್ಕೇ ಬಂತು. ಹಾಗಾದರೆ ಸೈಕಲ್ಲಿನಲ್ಲಿ ಇರುವುದು?

ಯಜಮಾನಿ ಬಗ್ಗಿ ಗವಸು ಬಿಚ್ಚಿದಳು. ಅಟ್ಟದ ಧೂಳು ಕಡ್ಡಿಗಳ ಸಂದಿಯಲ್ಲಿ ಇನ್ನೂ ಇತ್ತು. ಹಳೆಯ ಅಲ್ಯೂಮಿನಿಯಂ ಚಕ್ರ. ಬೀಸೋ ಕಲ್ಲು.

“ಮೊದಲನೇ ಸಲನೂ ಇದೇ, ಎರಡನೇ ಸಲನೂ ಇದೇ,” ಎಂದಳು ಯಜಮಾನಿ. ದನಿಯಲ್ಲಿ ಸಿಟ್ಟಿಲ್ಲ, ಗೆಲುವಿಲ್ಲ. ಚಡ್ಡಿಯ ಅಳತೆ ಹೇಳುವಾಗಿನ ದನಿ. “ಟೋಪಿ ಮಾತ್ರ ಬದಲಾಯಿಸಿದೆ. ನೀವೇ ಹೇಳೋದಲ್ವಾ, ಬಟ್ಟು ನೋಡೋಕೆ ಮುಂಚೆ ತಕ್ಕಡಿ ನೋಡಬೇಕು, ಒಂದೇ ಬಟ್ಟು ಎರಡು ಸಲ ಇಡಬೇಕು ಅಂತ? ಇಟ್ಟೆ. ಒಂದು ಸಲ ಹತ್ತೊಂಬತ್ತು ನಲವತ್ತು ತೋರಿಸ್ತು, ಇನ್ನೊಂದು ಸಲ ಹದಿನಾರು ಐದು.”

“ನೀನು... ಮೋಸ!”

“ನನ್ನ ಉಗುರುಬಣ್ಣದ ಮುಚ್ಚಳ ಯಾಕ್ರೀ ತೆಗೆದಿತ್ತು?”

ಸಾಹೇಬರು ವಿದ್ಯುತ್ ಕಂಬದ ಕಡೆ ನೋಡಿದರು. ಅದೂ ಸಹಾಯಕ್ಕೆ ಬರಲಿಲ್ಲ.

“ಎರಡೂ ಸಲ ಒಂದೇ ಬಂದಿದ್ರೆ ನಿಮ್ಮದನ್ನೂ ಅವನದನ್ನೂ ಹಾಕಿ ನಿಜವಾದ ಪರೀಕ್ಷೆ ಮಾಡ್ತಿದ್ದೆ. ಬುತ್ತಿನೂ ಕಟ್ಕೊಂಡು ಬಂದಿದ್ದೆ,” ಎಂದು ಯಜಮಾನಿ ಚೀಲದೊಳಗೆ ಕೈ ಹಾಕಿದಳು. ಹೊರಗೆ ಬಂದದ್ದು ಬುತ್ತಿಯಲ್ಲ, ಕೆಂಪು ಚೀಟಿ. ಸಾಹೇಬರ ಮೇಜಿನ ಖಾನೆಯದೇ. ಅದರ ದಾರವನ್ನು ಅವರ ಅಂಗಿಯ ಮೇಲಿನ ಗುಂಡಿಗೆ ಸುತ್ತಿ, ಹೊಲಿಗೆಯವರ ಅಚ್ಚುಕಟ್ಟಿನಲ್ಲಿ ಗಂಟು ಹಾಕಿದಳು. ‘ತಿರಸ್ಕೃತ.’

ಡಾಕ್ಟರು ಕಾರಿನ ಬಾನೆಟ್ಟಿನ ಮೇಲೆ ಬಿದ್ದು ನಗುತ್ತಿದ್ದ. ಇಷ್ಟು ನಕ್ಕರೆ ಅವನ ಹಲ್ಲೇ ಉದುರಬೇಕು ಎಂದು ಸಾಹೇಬರು ಮನಸ್ಸಿನಲ್ಲೇ ಹಾರೈಸಿದರು.

“ನಗು ಸಾಕು,” ಎಂದಳು ಅಕ್ಕ. “ಮುಂದಿನ ಭಾನುವಾರ ನಿನ್ನ ತಕ್ಕಡಿ ನೋಡೋಣ.”

ನಗು ತಟ್ಟನೆ ನಿಂತಿತು. “ಮುಂದಿನ ಭಾನುವಾರವಾ? ಅಕ್ಕ, ಅವತ್ತು ದಂತವೈದ್ಯರ ಸಮ್ಮೇಳನ ಇದೆ.” ಅದರ ಮುಂದಿನ ಭಾನುವಾರವೂ ಇತ್ತು. ಪರೀಕ್ಷೆಯ ಮಾತೆತ್ತಿದರೆ ಸಾಕು, ಇವತ್ತಿನವರೆಗೆ ದಂತವೈದ್ಯರು ಸಮ್ಮೇಳನ ನಡೆಸುತ್ತಲೇ ಇದ್ದಾರೆ.

ಸಂಜೆಯೊಳಗೆ ಯಂತ್ರ ಸಣ್ಣ ಕೋಣೆಗೆ ಹೋಯಿತು, ಸೈಕಲ್ಲು ಚಪ್ಪಲಿ ಬಿಡುವ ಜಾಗಕ್ಕೆ ಬಂತು. ಸೈಕಲ್ಲು ಮನೆಗೆ ಬಂದ ಮೇಲೆ ಮೊದಲ ಸಲ ಎಲ್ಲರೂ ಮೇಜಿನ ಮೇಲೆ ತಟ್ಟೆಯಿಟ್ಟುಕೊಂಡು ಊಟ ಮಾಡಿದರು. ಸಾಹೇಬರ ತಟ್ಟೆಯಲ್ಲಿ ಗುಂಡಿ ಸಿಗಲಿಲ್ಲ. ಅದೂ ಒಂಥರಾ ಬೇಜಾರೇ ಆಯಿತು.

ಆದರೂ ಸಾಹೇಬರು ಸೋಲೊಪ್ಪುವ ಪೈಕಿಯಲ್ಲ. ನಿಯಮಾವಳಿಯಲ್ಲಿ ಒಂದು ದಾರಿಯಿತ್ತು: ತಿರಸ್ಕೃತ ತಕ್ಕಡಿಯನ್ನು ರಿಪೇರಿ ಮಾಡಿಸಿ ಮರುಪರೀಕ್ಷೆಗೆ ಒಪ್ಪಿಸಬಹುದು. ಓದಿ ತೋರಿಸಿದರು.

“ಸರಿ, ರಿಪೇರಿ ಆಗಿ ಬನ್ನಿ,” ಎಂದಳು ಯಜಮಾನಿ. “ಎರಡು ಸಲ ಒಂದೇ ಸಮಯ ತೋರಿಸಿ. ಅಲ್ಲಿವರೆಗೆ ಹಳೇ ಚಕ್ರ.”

ಸಾಹೇಬರು ರಿಪೇರಿಗೆ ಹೊರಟರು. ಭಾನುವಾರದ ಮೇಲೆ ಭಾನುವಾರ ಬೀಸೋ ಕಲ್ಲಿನ ಮೇಲೆ ಗುಡ್ಡ ಹತ್ತಿದರು, ಇಳಿದರು, ಹತ್ತಿದರು. ಎರಡು ಸಲದ ನಡುವಿನ ಅಂತರ ಮೂರೂವರೆ ನಿಮಿಷದಿಂದ ನಲವತ್ತು ಸೆಕೆಂಡಿಗೆ ಇಳಿಯಿತು, ನಲವತ್ತು ಇಪ್ಪತ್ತಾಯಿತು, ಇಪ್ಪತ್ತು ಒಂಬತ್ತಾಯಿತು. ಹೊಟ್ಟೆ ಬೆಲ್ಟಿನ ಒಳಗೆ ಹೋಯಿತು. ಡಾಕ್ಟರಿಗೆ ಕಿತ್ತಳೆ ಪೂರ್ತಿ ಸುಲಿಯಲು ಸಮಯ ಸಿಗದಾಯಿತು; ಒಂದು ದಿನ ಮುಟ್ಟಲೂ ಸಿಗಲಿಲ್ಲ. ಅವನು ತನ್ನ ಬೇರಿಂಗಿಗೆ ಎಣ್ಣೆ ಹಾಕಿಸಲು ಓಡಿದ. ಸಾಹೇಬರು ಅದನ್ನು ಗಮನಿಸಲೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ: ಎರಡು ಸಲ, ಒಂದೇ ಸಮಯ.

ಹದಿನಾಲ್ಕನೇ ಭಾನುವಾರ ಅದು ಸಿಕ್ಕಿತು. ಹದಿನೈದು ನಿಮಿಷ ಹನ್ನೆರಡು ಸೆಕೆಂಡು. ಮತ್ತೆ, ಹದಿನೈದು ನಿಮಿಷ ಹನ್ನೆರಡು ಸೆಕೆಂಡು. ಸಾಹೇಬರ ಕಣ್ಣಲ್ಲಿ ನೀರು ಬಂತು. ಶೂ ಕಳಚುವುದನ್ನೂ ಮರೆತು ಸಣ್ಣ ಕೋಣೆಗೆ ನುಗ್ಗಿದರು.

“ತಕ್ಕಡಿ ಸರಿಹೋಯ್ತು ಕಣೇ! ಒಂದು ಸೆಕೆಂಡು ಆಚೆ ಈಚೆ ಇಲ್ಲ! ಎಲ್ಲಿ ನನ್ನ ಕಾರ್ಬನ್ ಚಕ್ರ? ಇವತ್ತು ನಿಜವಾದ ಪರೀಕ್ಷೆ ಆಗೇಬಿಡ್ಲಿ.”

ಯಜಮಾನಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಮಾತಿಲ್ಲದೆ ಕಣ್ಣಲ್ಲೇ ಮೇಲೆ ತೋರಿಸಿದಳು.

ಚಾವಣಿಯ ಎರಡು ಕೊಕ್ಕೆಗಳಿಂದ ಸಾಹೇಬರ ಎರಡು ಚಕ್ರಗಳು ಅಡ್ಡಡ್ಡಲಾಗಿ ತೂಗಾಡುತ್ತಿದ್ದವು. ಒಂದೊಂದರ ಸುತ್ತಲೂ ಇಪ್ಪತ್ತನಾಲ್ಕು ಸಮವಸ್ತ್ರ, ಇಸ್ತ್ರಿಯಾಗಿ, ಸಾಲಾಗಿ. ಪೂರ್ವದ ಕಿಟಕಿಯ ಬಿಸಿಲು ಅವುಗಳ ಮೇಲೆ ಬೀಳುತ್ತಿತ್ತು. ಯಜಮಾನಿ ಸ್ಕೇಲಿನ ತುದಿಯಿಂದ ಮೆಲ್ಲಗೆ ತಳ್ಳಿದಳು. ಚಕ್ರ ಸದ್ದಿಲ್ಲದೆ ತಿರುಗಿ, ಆರನೇ ತರಗತಿಯ ಅಂಗಿಗಳನ್ನು ಆಕೆಯ ಕೈಗೆ ತಂದು ನಿಲ್ಲಿಸಿತು.

ಆಕೆ ಬಾಯಿಂದ ಸೂಜಿ ತೆಗೆದಳು.

“ಈಗ ಇಳಿಸೋಕೆ ಆಗಲ್ಲ ರೀ, ನಾಳೆ ಎಲ್ಲಾ ಶಾಲೆಗೆ ಹೋಗಬೇಕು. ಆದ್ರೆ ನಿಮ್ಮ ಮಾತು ನೂರಕ್ಕೆ ನೂರು ನಿಜ. ಮೂರು ತಿಂಗಳಿಂದ ಇಷ್ಟು ಭಾರ ಹೊತ್ತಿದೆ, ಒಂದು ಕೂದಲೆಳೆ ಬಾಗಿಲ್ಲ. ಬೇರಿಂಗ್ ಅಂತೂ ಬೆಣ್ಣೆ. ಇಷ್ಟು ಕಡಿಮೆ ಬೆಲೆಗೆ ಇಂಥ ಚಕ್ರ ಸಿಗುತ್ತೆ ಅಂದ್ರೆ ಜಾಸ್ತಿ ಕೊಡೋನು ನಿಜವಾಗ್ಲೂ ಮೂರ್ಖ.”

ಈ ಒಂದು ಮಾತು ಕೇಳಲು ಸಾಹೇಬರು ಎಷ್ಟು ದಿನ ಕಾದಿದ್ದರು! ಕೇಳಿದ ಮೇಲೆ ಅದನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ. ಶೂ ಹಾಕಿಕೊಂಡೇ ಅಂಗಿಗಳ ಕೆಳಗೆ ನಿಂತಿದ್ದರು.

“ಅಂದ ಹಾಗೆ,” ಎಂದಳು ಯಜಮಾನಿ, ಮತ್ತೆ ಯಂತ್ರದ ಮೇಲೆ ಕಾಲಿಡುತ್ತ, “ಅದೇ ಕಂಪನಿಗೆ ಹೇಳಿ ಇನ್ನೊಂದು ಜೊತೆ ತರಿಸ್ಬಿಡಿ. ಇನ್ನು ಚಳಿಗಾಲದ ಕೋಟುಗಳು ಶುರುವಾಗುತ್ತೆ.”